ಪದ್ಯ ಪಟಪಟ ಹೇಳುತ್ತಾಳೆ, ಕೇಳಿದ್ದಕ್ಕೆ ಉತ್ತರ ಇಲ್ಲ: ಮೂರೂವರೆ ವರ್ಷದ ಮಗಳಿಗೆ ಮಾತು ಅರ್ಥ ಆಗುವಂತೆ ಮಾಡೋದು ಹೇಗೆ?

ಗಂಗಾವತಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಒಂದರಿಂದ ನೂರರವರೆಗೆ ಎಣಿಸುತ್ತಾಳೆ. ಅಆಇಈ, ಎಬಿಸಿಡಿ, ವಾರದ ಹೆಸರು, ಇಂಗ್ಲಿಷ್ ರೈಮ್ಸ್ ಎಲ್ಲಾ ಬಾಯಿಪಾಠ. ಮನೆಗೆ ಬಂದವರು "ಭಾಳ ಶಾಣ್ಯಾಕಿ" ಅಂತ ಹೊಗಳುತ್ತಾರೆ. ಆದರೆ "ಇವತ್ತು ಡಬ್ಬಿಯಲ್ಲಿ ಏನು ತಿಂದೆ?" ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾಳೆ. ಇಲ್ಲವಾದರೆ "ಏನು ತಿಂದೆ" ಅಂತ ನನ್ನ ಮಾತನ್ನೇ ತಿರುಗಿ ಹೇಳುತ್ತಾಳೆ. "ಚಪ್ಪಲಿ ಬಿಟ್ಟು, ಚೀಲ ಒಳಗಿಟ್ಟು ಬಾ" ಅಂದರೆ ಚಪ್ಪಲಿ ಬಿಡುತ್ತಾಳೆ, ಚೀಲ ಬೆನ್ನ ಮೇಲೇ ಇರುತ್ತದೆ.

ಮನೆಯಲ್ಲಿ ಅತ್ತೆ ಮಾವ ತೆಲುಗು ಮಾತಾಡುತ್ತಾರೆ. ನಾನು, ಯಜಮಾನರು ಕನ್ನಡ. ನರ್ಸರಿಯಲ್ಲಿ ಕರೆದು "ಇಷ್ಟು ಭಾಷೆ ಕಿವಿಗೆ ಬಿದ್ದು ಮಗು ಗೊಂದಲ ಆಗಿದೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ" ಅಂದರು. ನನಗೆ ಇಂಗ್ಲಿಷ್ ಅಷ್ಟು ಸಲೀಸಾಗಿ ಬರಲ್ಲ. ಅತ್ತೆಯವರಿಗೆ ಮೊಮ್ಮಗಳ ಜೊತೆ ತೆಲುಗು ಮಾತಾಡಬೇಡಿ ಅಂತ ಹೇಳೋದಕ್ಕೂ ಬಾಯಿ ಬರಲ್ಲ. ಏನು ಮಾಡಲಿ? ತಿಳಿದವರು ಹೇಳಿ.

ಸಿರುಗುಪ್ಪ ಅಪ್ಪ

ಹೆದರಬೇಡಿ ಅಕ್ಕ. ನಮ್ಮ ದೊಡ್ಡ ಮಗನೂ ಹಾಗೇ ಇದ್ದ. ಶಾಲೆಗೆ ಹಾಕಿದ ಮೇಲೆ ತಾನೇ ಸರಿಹೋದ. ಒಂದೊಂದು ಮಗು ತಡ, ಅಷ್ಟೆ.

ಸ್ಪೀಚ್ ಥೆರಪಿಸ್ಟ್, ಬಳ್ಳಾರಿ

ಅಣ್ಣ, ನಿಮ್ಮ ಮಗ ಸರಿಹೋಗಿದ್ದು ಸಂತೋಷ. ಆದರೆ ಮಾತಾಡೋದು ತಡ ಆಗೋದು ಬೇರೆ, ಮಾತು ಅರ್ಥ ಆಗೋದು ತಡ ಆಗೋದು ಬೇರೆ. ಎಲ್ಲವೂ ಅರ್ಥ ಆಗುತ್ತಿದ್ದು, ಬಾಯಿ ಬಿಡೋದು ಮಾತ್ರ ತಡ ಆದ ಮಕ್ಕಳಲ್ಲಿ ಬಹಳ ಜನ ಮುಂದೆ ಎಲ್ಲರ ಸಮಕ್ಕೆ ಬರುತ್ತಾರೆ. ಅರ್ಥ ಮಾಡಿಕೊಳ್ಳೋದರಲ್ಲೇ ಹಿಂದಿದ್ದರೆ ಕಾಯಬಾರದು.

ಗಂಗಾವತಿ ಮೇಡಂ, ಒಂದು ಅಂದಾಜು ಇರಲಿ ಅಂತ ಹೇಳುತ್ತೇನೆ. ಒಂದೂವರೆ ವರ್ಷಕ್ಕೆ ಕೈ ಸನ್ನೆ ಇಲ್ಲದೆ "ಅದು ಕೊಡು" ಅಂದರೆ ಮಗು ಕೊಡಬೇಕು. ಎರಡೂವರೆ ವರ್ಷಕ್ಕೆ "ಬೊಂಬೆ ಕೆಳಗಿಡು, ಬಾಗಿಲು ಹಾಕು" ಅನ್ನೋ ಥರದ ಎರಡು ಕೆಲಸ ಮಾಡಬೇಕು. ಮೂರಕ್ಕೆ ಯಾರು, ಏನು, ಎಲ್ಲಿ, ಯಾಕೆ ಅಂತ ತಾನೇ ಕೇಳಬೇಕು, ಎರಡು ಸಲವಾದರೂ ಮಾತಿಗೆ ಮಾತು ಕೊಡಬೇಕು. ಇವು ಅಮೆರಿಕದ ಸಿಡಿಸಿ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವವು. 2022ರಲ್ಲಿ ಆ ಪಟ್ಟಿ ತಿದ್ದಿದಾಗ, ಆ ವಯಸ್ಸಿನ ನೂರು ಮಕ್ಕಳಲ್ಲಿ ಎಪ್ಪತ್ತೈದಾದರೂ ಮಾಡುವಂಥದ್ದನ್ನು ಮಾತ್ರ ಇಟ್ಟುಕೊಂಡರು. ಅಂದರೆ ಇವು ಚುರುಕಾದ ಮಕ್ಕಳ ಗುರುತಲ್ಲ, ಸಾಮಾನ್ಯ ಮಕ್ಕಳ ಗುರುತು.

ಮೊದಲ ಕೆಲಸ ಕಿವಿ ಪರೀಕ್ಷೆ. "ಪದ್ಯ ಹೇಳುತ್ತಾಳಲ್ಲ, ಕಿವಿ ಸರಿ ಇದೆ" ಅಂದುಕೊಳ್ಳಬೇಡಿ. ನೆಗಡಿ ಆದ ಮೇಲೆ ಕಿವಿ ತಮಟೆಯ ಹಿಂದೆ ನೀರು ನಿಂತುಬಿಡುತ್ತದೆ. ನೋವು ಇರೋದಿಲ್ಲ, ಕಿವಿ ಸೋರೋದೂ ಇಲ್ಲ. ಕೆಲವು ವಾರ ಮಂದವಾಗಿ ಕೇಳಿ, ಮತ್ತೆ ಸರಿಯಾಗಿ, ಇನ್ನೊಂದು ನೆಗಡಿಗೆ ಮತ್ತೆ ಮಂದ. ದಿನಾ ಅದೇ ಧಾಟಿಯಲ್ಲಿ ಕೇಳುವ ಪದ್ಯ ಅಂಥ ಮಗುವಿಗೂ ಬಂದುಬಿಡುತ್ತದೆ. ಹೊಸ ಮಾತು, ಮಾತಿನ ಕೊನೆಯ ಸಣ್ಣ ಸದ್ದು ತಪ್ಪಿಹೋಗುತ್ತದೆ. ಮನೆಯಲ್ಲಿ ಒಂದು ಸಲ ನೋಡಿ: ಮಗಳು ಆಟದಲ್ಲಿದ್ದಾಗ ಹಿಂದೆ ನಿಂತು, ಕೈ ತೋರಿಸದೆ, ಕಣ್ಣು ಸನ್ನೆ ಮಾಡದೆ, ಮೆಲ್ಲಗೆ ಒಂದು ಸಣ್ಣ ಕೆಲಸ ಹೇಳಿ. ಇದು ಪರೀಕ್ಷೆ ಅಲ್ಲ, ನಿಮ್ಮ ತಿಳಿವಳಿಕೆಗೆ. ನಿಜವಾದ ಪರೀಕ್ಷೆ ಹೇಗಿದ್ದರೂ ಮಾಡಿಸಿ.

ದಯವಿಟ್ಟು ಕಿವಿಗೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡಬೇಡಿ.

ಗಂಗಾವತಿ ಅಮ್ಮ

ಥ್ಯಾಂಕ್ಸ್ ಮೇಡಂ. ನೆಗಡಿ ಅವಳಿಗೆ ಆಗಾಗ ಆಗುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಟಿವಿ ಸೌಂಡೂ ಜಾಸ್ತಿ ಇಡಿಸಿಕೊಳ್ಳುತ್ತಾಳೆ. ಪರೀಕ್ಷೆ ಎಲ್ಲಿ ಮಾಡಿಸಬೇಕು? ಭಾಷೆ ವಿಷಯಕ್ಕೂ ಏನಾದರೂ ಹೇಳಿ.

ಅಂಗನವಾಡಿ ಟೀಚರ್, ಮಾನ್ವಿ ತಾಲ್ಲೂಕು

ಪರೀಕ್ಷೆ ವಿಷಯ ನಾನು ಹೇಳುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಸಲ, ಶಾಲೆ ಮಕ್ಕಳಿಗೆ ಒಂದು ಸಲ ತಪಾಸಣೆ ಆಗಬೇಕು ಅಂತ ನಿಯಮ. ಕಿವಿ ಕೇಳದಿರೋದು, ಮಾತು ತಡ ಆಗೋದು ಎರಡೂ ಅವರ ಪಟ್ಟಿಯಲ್ಲಿವೆ. ಅವರು ಗುರುತಿಸಿದ ಮಕ್ಕಳಿಗೆ ಅಂತಲೇ ಜಿಲ್ಲಾ ಮಟ್ಟದಲ್ಲಿ ಡಿಇಐಸಿ, ಅಂದರೆ ಮಕ್ಕಳ ತೊಂದರೆ ಬೇಗ ನೋಡಿ ಚಿಕಿತ್ಸೆ ಕೊಡುವ ಕೇಂದ್ರ ಇದೆ. ಆಶಾ ಅಕ್ಕನನ್ನಾಗಲಿ, ನಿಮ್ಮ ವಾರ್ಡಿನ ಅಂಗನವಾಡಿಯಲ್ಲಾಗಲಿ ಕೇಳಿ, ದಾರಿ ಹೇಳುತ್ತಾರೆ. ಮಗಳು ಖಾಸಗಿ ನರ್ಸರಿಗೆ ಹೋಗುತ್ತಾಳೆ ಅಂತ ಸಂಕೋಚ ಬೇಡ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ನೇರ ಹೋದರೂ ಆಯಿತು.

ನಮ್ಮ ಕೇಂದ್ರದಲ್ಲಿ ಏನು ಮಾಡುತ್ತೇನೆ ಅಂತಲೂ ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ಮಕ್ಕಳ ಕೈಯಲ್ಲೇ ಕೆಲಸ ಮಾಡಿಸುತ್ತೇನೆ. "ತಾಟು ತಗೊಂಡು ಬಾ." ಅದು ಬಂದ ಮೇಲೆ "ದೊಡ್ಡ ತಾಟು ತಗೊಂಡು ಬಾ." ಆಮೇಲೆ "ದೊಡ್ಡ ತಾಟು ತಂದು ಅಕ್ಕನ ಮುಂದೆ ಇಡು." ಒಂದೊಂದೇ ತುಣುಕು ಕೂಡಿಸೋದು. ಮೊಟ್ಟೆ ಕೊಡೋ ದಿನ ಇನ್ನೂ ಚೆಂದ. "ಬಿಸಿ ಐತಿ, ಆರಲಿ. ಈಗ ಸಿಪ್ಪಿ ಬಿಡಿಸು. ಒಳಗ ಏನೈತಿ ನೋಡು, ಹಳದಿ ಐತಿ." ಮಗು ಮೊಟ್ಟೆ ಕೈಯಲ್ಲಿ ಹಿಡಿದಿರುತ್ತದೆ, ಅದೇ ಹೊತ್ತಿಗೆ ಆ ಮಾತು ಕಿವಿಗೆ ಬೀಳುತ್ತದೆ. ಸಿಪ್ಪೆ ಅಂದರೇನು ಅಂತ ಮತ್ತೆ ಕಲಿಸಬೇಕಾಗಲ್ಲ. ಗೋಡೆಯ ಚಾರ್ಟ್ ತೋರಿಸಿ ಹೇಳಿದ ಮಾತು ಇಷ್ಟು ಬೇಗ ಹತ್ತೋದನ್ನು ನಾನಂತೂ ನೋಡಿಲ್ಲ.

ಸಿಂಧನೂರು ಓದುಗ

ಎಲ್ಲರೂ ಕನ್ನಡ, ತೆಲುಗು ಅಂತೀರಿ. ನಾಳೆ ಬೆಂಗಳೂರಿಗೆ ಹೋದರೆ ಇಂಗ್ಲಿಷೇ ಬೇಕಲ್ವಾ? ನರ್ಸರಿಯವರು ಹೇಳಿದ್ದರಲ್ಲಿ ತಪ್ಪೇನಿದೆ? ಚಿಕ್ಕವರಿದ್ದಾಗ ಕಲಿಸಿದರೆ ಬೇಗ ಬರುತ್ತದೆ. ನಮ್ಮ ತಲೆಮಾರು ಇಂಟರ್ವ್ಯೂನಲ್ಲಿ ಇಂಗ್ಲಿಷ್ ಬರದೆ ಎಷ್ಟು ಕಷ್ಟಪಟ್ಟಿದೆ ಅಂತ ನನಗೆ ಗೊತ್ತು.

ಸ್ಪೀಚ್ ಥೆರಪಿಸ್ಟ್, ಬಳ್ಳಾರಿ

ನಿಮ್ಮ ಕಷ್ಟ ಅರ್ಥ ಆಗುತ್ತದೆ ಸರ್. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಗುವಿಗೆ ಮಾತಿನ ತೊಂದರೆ ಬರುತ್ತದೆ ಅನ್ನೋದು ನಿಜವಲ್ಲ. ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಜಗುಲಿಯಲ್ಲಿ ಕೇಳುತ್ತವೆ. ಆ ಮಕ್ಕಳೆಲ್ಲ ಚೆನ್ನಾಗಿಯೇ ಬೆಳೆದಿದ್ದಾರೆ. ಎರಡು ಭಾಷೆ ಕಲಿಯುವ ಮಗುವಿಗೆ ಒಂದೊಂದು ಭಾಷೆಯಲ್ಲಿ ಪದ ಕಡಿಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಬೇಕು. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಅದಕ್ಕೇ ಗಂಗಾವತಿ ಮೇಡಂ, ಅಜ್ಜಿ ತೆಲುಗಿನಲ್ಲಿ ಹೇಳಿದಾಗ ಮಗಳು ಮಾಡುತ್ತಾಳಾ ಅಂತ ಗಮನಿಸಿ. ಪರೀಕ್ಷೆಗೆ ಹೋದಾಗ ಅದನ್ನೂ ಹೇಳಬೇಕು.

ಅಮ್ಮ ತನಗೆ ಸಲೀಸಾದ ಭಾಷೆ ಬಿಟ್ಟು ತಡವರಿಸುವ ಭಾಷೆಯಲ್ಲಿ ಮಾತಾಡಿದರೆ ಏನಾಗುತ್ತದೆ? ಮಾತು ಚಿಕ್ಕದಾಗುತ್ತದೆ. "ಕಮ್, ಸಿಟ್, ಈಟ್" ಇಷ್ಟರಲ್ಲೇ ಮುಗಿಯುತ್ತದೆ. ಕಥೆ ಇಲ್ಲ, ತಮಾಷೆ ಇಲ್ಲ, "ಯಾಕೆ ಅಂದರೆ" ಅನ್ನೋ ಮಾತೇ ಬರಲ್ಲ. ಮಗುವಿನ ತಲೆಯಲ್ಲಿ ಅರ್ಥ ಕೂರೋದು ಆ ಉದ್ದದ ಮಾತುಗಳಿಂದಲೇ.

ನಲಿಕಲಿ ಮೇಷ್ಟ್ರು, ಕುಷ್ಟಗಿ

ನಾನು ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಕಲಿಸುವವನು. ಮೇಡಂ ಹೇಳಿದ್ದರ ಮುಂದಿನ ಭಾಗ ನಾವು ದಿನಾ ನೋಡುತ್ತೇವೆ. ಮೂರನೇ ತರಗತಿಯ ಹುಡುಗ ಪಾಠ ಗಡಗಡ ಓದುತ್ತಾನೆ, ಒಂದು ಒತ್ತಕ್ಷರ ತಪ್ಪಲ್ಲ. ಪುಸ್ತಕ ಮುಚ್ಚಿ "ಏನಾಯ್ತಪ್ಪ ಕಥೆಯಲ್ಲಿ?" ಅಂದರೆ ಮುಖ ನೋಡುತ್ತಾನೆ. ಗಫ್ ಮತ್ತು ಟನ್ಮರ್ ಅನ್ನುವ ಇಬ್ಬರು ಸಂಶೋಧಕರು 1986ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಮಾತು ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರೋದು ಓದಿ ತಿಳಿಯುವ ಶಕ್ತಿ. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆ. ಕನ್ನಡದಲ್ಲಿ ಅಕ್ಷರ ಹೇಗಿದೆಯೋ ಹಾಗೇ ಓದುವುದರಿಂದ ಕಾಗುಣಿತ ಬಂದರೆ ಓದು ಬಂದ ಹಾಗೆ ಕಾಣುತ್ತದೆ. ಅರ್ಥದ ಕಡೆ ಎಷ್ಟು ಖಾಲಿ ಇದೆ ಅನ್ನೋದು ಮುಚ್ಚಿಹೋಗುತ್ತದೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ತರಗತಿ ಮುಗಿಯುವುದರೊಳಗೆ ಅರ್ಥ ಮಾಡಿಕೊಂಡು ಓದಬೇಕು ಅಂತಲೇ ಹೇಳುತ್ತದೆ. ಆ ಕೆಲಸ ಮೂರನೇ ತರಗತಿಯಲ್ಲಿ ಶುರು ಮಾಡಿದರೆ ತಡ. ನಿಮ್ಮ ಮಗಳ ವಯಸ್ಸಿನಲ್ಲೇ ಶುರು ಆಗಬೇಕು.

ಇನ್ನೊಂದು ವಿಷಯ. ದೊಡ್ಡವರಿಗೆ ಸಲೀಸು ಅನ್ನಿಸುವ ಕನ್ನಡ ವಾಕ್ಯ ಮಗುವಿಗೆ ಎಷ್ಟು ಭಾರ ಅಂತ ಯೋಚಿಸಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಅಡುಗೆಮನೆ ಕಟ್ಟೆ ಮೇಲಿನ ಸ್ಟೀಲ್ ಡಬ್ಬಿ ಒಳಗಿನ ಚಮಚ ಅಜ್ಜಿಗೆ ಕೊಡು" ಅಂದರೆ "ಕೊಡು" ಬರುವವರೆಗೆ ಮಗು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಮಧ್ಯದಲ್ಲೇ ಎಲ್ಲೋ ಜಾರಿಹೋಗುತ್ತದೆ. ಇನ್ನು ವಿಭಕ್ತಿ. "ನಾಯಿ ಬೆಕ್ಕನ್ನ ಓಡಿಸಿತು", "ನಾಯಿಯನ್ನ ಬೆಕ್ಕು ಓಡಿಸಿತು". ಯಾರು ಯಾರನ್ನು ಓಡಿಸಿದರು ಅನ್ನೋದು ಒಂದು ಸಣ್ಣ "ಅನ್ನ"ದಲ್ಲಿದೆ. ಎರಡನೆಯದನ್ನು ಕೇಳಿದ ಚಿಕ್ಕ ಮಕ್ಕಳಲ್ಲಿ ಬಹಳ ಜನ ನಾಯಿಯೇ ಓಡಿಸಿತು ಅಂತ ತೋರಿಸುತ್ತಾರೆ. ಮೊದಲು ಕೇಳಿದ್ದನ್ನೇ ಹಿಡಿಯುತ್ತಾರೆ. ನಾನು ಕಿನ್ನಾಳದ ಮರದ ಬೊಂಬೆ ಇಟ್ಟುಕೊಂಡು ಇದನ್ನು ಆಟ ಆಡಿಸುತ್ತೇನೆ. ಹೇಳಿದ ಹಾಗೆ ಬೊಂಬೆ ಓಡಿಸಬೇಕು. ತಪ್ಪಿದರೆ "ಅಲ್ಲ" ಅನ್ನಲ್ಲ, ನಾನೇ ಬೊಂಬೆ ಓಡಿಸಿ ತೋರಿಸಿ ಮತ್ತೆ ಅದೇ ವಾಕ್ಯ ಹೇಳುತ್ತೇನೆ. "ಊಟಕ್ಕೆ ಮುಂಚೆ ಕೈ ತೊಳಿ" ಅನ್ನೋದೂ ಹಾಗೇ. ಮೊದಲು ಕೇಳಿದ್ದು ಊಟ, ಮೊದಲು ಮಾಡೋದೂ ಊಟ! "ಕೈ ತೊಳಕೊಂಡು ಊಟ ಮಾಡು" ಅಂದರೆ ಬೇಗ ತಿಳಿಯುತ್ತದೆ, ಮಾತಿನ ಸಾಲೂ ಕೆಲಸದ ಸಾಲೂ ಒಂದೇ ಆಯಿತಲ್ಲ.

ಗಂಗಾವತಿ ಅಮ್ಮ

ಸರ್, ನಾಯಿ ಬೆಕ್ಕಿನದು ಈಗಲೇ ಬೊಂಬೆ ಇಟ್ಟು ನೋಡಿದೆ. ನೀವು ಹೇಳಿದ ಹಾಗೇ ಮಾಡಿದಳು! ಅತ್ತೆ ಹೇಳಿದ್ದು ಕೂಡ ಪೂರ್ತಿ ಅರ್ಥ ಆಗುತ್ತಿಲ್ಲ ಅನ್ನಿಸುತ್ತೆ. ಅವರು ಬೆರಳು ತೋರಿಸಿದರೆ ಮಾತ್ರ ಮಾಡುತ್ತಾಳೆ. ಇದನ್ನು ನಾವು ಗಮನಿಸಿಯೇ ಇರಲಿಲ್ಲ.

ಒಂದು ಪ್ರಶ್ನೆ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂದರೆ ಅಡುಗೆ. ಅಷ್ಟೊತ್ತು ಮೊಬೈಲ್ ಕೊಟ್ಟಿರುತ್ತೇವೆ. ರೈಮ್ಸ್ ಎಲ್ಲಾ ಅದರಿಂದಲೇ ಕಲಿತದ್ದು. ಬೇರೆ ಟೈಮ್ ಎಲ್ಲಿಂದ ತರಲಿ?

ಸಿರುಗುಪ್ಪ ಅಪ್ಪ

ಮೊಬೈಲ್ ವಿಷಯ ನನಗೂ ಬೇಕು. ಚಿಕ್ಕವನು ಎರಡು ವರ್ಷದವನು, ಕಾರ್ಟೂನ್ ಇಲ್ಲದೆ ತುತ್ತು ಒಳಗೆ ಹೋಗಲ್ಲ.

ಸ್ಪೀಚ್ ಥೆರಪಿಸ್ಟ್, ಬಳ್ಳಾರಿ

ಅಣ್ಣ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡವೇ ಬೇಡ. ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆ ಆದರೆ ಒಳ್ಳೆಯದು. ಕಾರಣ ಕಣ್ಣು ಒಂದೇ ಅಲ್ಲ. 2003ರಲ್ಲಿ ಪೆಟ್ರೀಷಿಯಾ ಕುಹ್ಲ್ ಮತ್ತು ಜೊತೆಯವರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮಾತು ಕೇಳಿಸಿದರು. ಕೆಲವರ ಮುಂದೆ ಜನ ಕೂತು ಆಟ ಆಡಿಸುತ್ತಾ ಮಾತಾಡಿದರು, ಕೆಲವರಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಎದುರಿಗೆ ಜನ ಇದ್ದ ಮಕ್ಕಳು ಆ ಭಾಷೆಯ ಸದ್ದುಗಳನ್ನು ಗುರುತಿಸಿದರು. ಟಿವಿ ನೋಡಿದವರು ಗುರುತಿಸಲಿಲ್ಲ. ಮೊಬೈಲ್ ಮಗುವಿನ ಕಣ್ಣು ಎಲ್ಲಿ ಹೋಯಿತು ಅಂತ ನೋಡಲ್ಲ, ಉತ್ತರಕ್ಕೆ ಕಾಯಲ್ಲ. ಮಗು "ಆಂ?" ಅಂದರೆ ಬೇರೆ ಥರ ಹೇಳೋದೂ ಇಲ್ಲ.

ರಾಯಚೂರು ಅಜ್ಜಿ

ತಂಗಿ, ಬೇರೆ ಟೈಮ್ ಯಾಕ ಬೇಕು? ರೊಟ್ಟಿ ಮಾಡೋವಾಗ ಪಕ್ಕದಲ್ಲಿ ಕೂಡಿಸಿಕೋ. ಒಲೆಯಿಂದ ದೂರ, ಮಣೆ ಹಾಕಿ. ಒಂದು ಉಂಡೆ ಹಿಟ್ಟು ಕೈಗೆ ಕೊಡು. ನಾನು ನನ್ನ ಮೊಮ್ಮಗನಿಗೆ ಹಂಗ ಮಾಡೀನಿ. "ಎಸರು ಕುದಿಯಾಕತ್ತೈತಿ. ಈಗ ಹಿಟ್ಟಿಗೆ ಹಾಕ್ತೀನಿ. ಬಿಸಿ ಐತಿ, ಕೈ ಇಡಬ್ಯಾಡ. ನಾದೀನಿ. ನಿನ್ನ ಹಿಟ್ಟು ಮೆತ್ತಗ ಐತೇನು, ಗಟ್ಟಿ ಐತೇನು?" ಅಷ್ಟು ಕೇಳಿ ಸುಮ್ಮನಾಗಬೇಕು. ಅವನು ಹಿಟ್ಟು ಒತ್ತಿ ನೋಡ್ತಾನ, ನನ್ನ ಮುಖ ನೋಡ್ತಾನ, ಆಮೇಲೆ "ಮೆತ್ತಗ" ಅಂತಾನ. ನಾನು "ಹೌದು, ಮೆತ್ತಗ ಐತಿ, ನೀರು ಜಾಸ್ತಿ ಆಗೇತಿ, ಒಂಚೂರು ಹಿಟ್ಟು ಹಾಕೋಣ" ಅಂತ ಅವನ ಒಂದು ಮಾತಿಗೆ ಎರಡು ಮಾತು ಸೇರಿಸ್ತೀನಿ. ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವುವಾಗ "ಈಗ ಏನಾಗ್ತದ?" ಅಂತ ಕೇಳಿದರೆ "ಉಬ್ಬತೈತಿ" ಅಂತ ಅವನೇ ಕೂಗ್ತಾನ.

ರಾತ್ರಿ ಕಾಗಕ್ಕ ಗುಬ್ಬಕ್ಕನ ಕಥೆ. ದಿನಾ ಅದೇ ಕಥೆ ಬೇಕು ಅವನಿಗೆ. ಬ್ಯಾಸರ ಮಾಡಿಕೋಬಾರದು.

ಸ್ಪೀಚ್ ಥೆರಪಿಸ್ಟ್, ಬಳ್ಳಾರಿ

ಅಜ್ಜಿ ಹೇಳಿದ್ದರಲ್ಲಿ "ಸುಮ್ಮನಾಗಬೇಕು" ಅನ್ನೋದನ್ನು ಎಲ್ಲರೂ ಹಿಡಿದುಕೊಳ್ಳಿ. ನಾವು ಪ್ರಶ್ನೆ ಕೇಳುತ್ತೇವೆ, ಕಾಯೋದೇ ಇಲ್ಲ. ಮತ್ತೆ ಕೇಳುತ್ತೇವೆ, ಇನ್ನೊಂದು ಥರ ಕೇಳುತ್ತೇವೆ, ಕೊನೆಗೆ ಉತ್ತರವನ್ನೂ ನಾವೇ ಹೇಳುತ್ತೇವೆ. ಮನಸ್ಸಲ್ಲೇ ಐದರವರೆಗೆ ಎಣಿಸಿ. ಮಗುವಿಗೆ ಕೇಳಿದ್ದನ್ನು ಬಿಡಿಸಿಕೊಳ್ಳೋಕೆ ಅಷ್ಟು ಹೊತ್ತು ಬೇಕು.

ಅದೇ ಕಥೆ ದಿನಾ ಕೇಳೋದೂ ಒಳ್ಳೆಯದೇ. ಮೊದಲ ಸಲ ಯಾರು ಬಂದರು ಅನ್ನೋದು ಹತ್ತುತ್ತದೆ. ಕಥೆ ಹಳೆಯದಾದ ಮೇಲೆ ಯಾಕೆ ಬಂದರು ಅನ್ನೋದು ಹೊಳೆಯುತ್ತದೆ. ಏನು, ಯಾರು, ಎಲ್ಲಿ ಮೊದಲು ಬರುತ್ತವೆ. ಯಾಕೆ, ಹೇಗೆ, ಯಾವಾಗ ಆಮೇಲೆ. ಗಂಗಾವತಿ ಮೇಡಂ, "ಡಬ್ಬಿಯಲ್ಲಿ ಏನು ತಿಂದೆ?" ಅನ್ನೋದು ನಮಗೆ ಸಣ್ಣ ಪ್ರಶ್ನೆ. ಆದರೆ ಮುಗಿದುಹೋದ, ಎದುರಿಗಿಲ್ಲದ ಸಂಗತಿ ನೆನಪಿಗೆ ತರಬೇಕು ಅದಕ್ಕೆ. ಖಾಲಿ ಡಬ್ಬಿ ತೆಗೆದು ಅದರಲ್ಲಿ ಉಳಿದ ಚೂರು ತೋರಿಸಿ, "ಉಪ್ಪಿಟ್ಟು ತಿಂದೆಯಾ, ಚಪಾತಿ ತಿಂದೆಯಾ?" ಅಂತ ಎರಡರಲ್ಲಿ ಒಂದು ಆರಿಸೋಕೆ ಕೊಡಿ. ನಿಮ್ಮ ಮಾತನ್ನೇ ತಿರುಗಿ ಹೇಳಿದರೆ ಬೈಯಬೇಡಿ. ಪ್ರಶ್ನೆ ಪೂರ್ತಿ ಬಿಡಿಸಿಕೊಳ್ಳೋಕೆ ಆಗದಾಗ ಮಕ್ಕಳು ಹಾಗೆ ಮಾಡುತ್ತಾರೆ. ಉತ್ತರ ಹೇಗಿರುತ್ತದೆ ಅಂತ ನೀವೇ ಹೇಳಿ ತೋರಿಸಿ: "ಚಪಾತಿ ತಿಂದೆ."

ಜೊತೆಗೆ ಇದನ್ನೂ ನೋಡಿ. ಹೆಸರು ಕರೆದರೆ ತಿರುಗುತ್ತಾಳಾ? ಚೆನ್ನಾಗಿರುವ ವಸ್ತು ಕಂಡರೆ ನಿಮಗೂ ತೋರಿಸುತ್ತಾಳಾ? ಬೊಂಬೆಗೆ ಊಟ ಮಾಡಿಸೋ ಆಟ ಆಡುತ್ತಾಳಾ? ಇವು ಇಲ್ಲ ಅಂದರೆ ವೈದ್ಯರಿಗೆ ಮರೆಯದೆ ಹೇಳಿ.

ತಾಂಡಾ ಅಪ್ಪ, ಲಿಂಗಸುಗೂರು

ನಮ್ಮದು ತಾಂಡಾ. ಮನೆಯಲ್ಲಿ ಲಂಬಾಣಿ. ಮಗ ಒಂದನೇ ತರಗತಿ. ಅರ್ಧ ವರ್ಷ ನಾವು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ದುಡಿಯೋಕೆ ಹೋಗುತ್ತೇವೆ, ಅವನು ಅಜ್ಜಿ ಹತ್ತಿರ. ಶಾಲೆಯಲ್ಲಿ ಕನ್ನಡ ಅರ್ಥ ಆಗಲ್ಲ ಅಂತ ಹಿಂದಿನ ಬೆಂಚಿಗೆ ಕೂರಿಸಿದ್ದಾರೆ ಅಂತ ಗೊತ್ತಾಯಿತು. ತುಂಬಾ ಬೇಜಾರಾಯಿತು. ಮನೆಯಲ್ಲಿ ಲಂಬಾಣಿ ಬಿಟ್ಟುಬಿಡಬೇಕಾ?

ನಲಿಕಲಿ ಮೇಷ್ಟ್ರು, ಕುಷ್ಟಗಿ

ಬಿಡಬೇಡಿ ಅಣ್ಣ. ಅಜ್ಜಿ ಲಂಬಾಣಿಯಲ್ಲಿ ಕಥೆ ಹೇಳಲಿ, ಲೆಕ್ಕ ಕೇಳಲಿ, ಹೊಲದಲ್ಲಿ ನಡೆದದ್ದು ಹೇಳಲಿ. ಆ ಭಾಷೆಯಲ್ಲಿ "ಯಾಕೆ", "ಆಮೇಲೆ" ಗೊತ್ತಿರುವ ಹುಡುಗ ಕನ್ನಡದಲ್ಲಿ ಹೊಸ ಪದ ಮಾತ್ರ ಕಲಿಯಬೇಕು. ಯೋಚನೆ ಆಗಲೇ ಇರುತ್ತದೆ. ಕನ್ನಡ ಬರದಿರೋದು ಬುದ್ಧಿ ಇಲ್ಲದಿರೋದಲ್ಲ, ಅವನನ್ನು ಹಿಂದೆ ಕೂರಿಸಿದ್ದು ನ್ಯಾಯ ಅಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಮುಂದೆ ಕೂರಿಸಿ ಅಂತ ಕೇಳಿ, ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸಭೆಯಲ್ಲೂ ಹೇಳಿ. ನಮ್ಮ ತರಗತಿಯಲ್ಲಿ ತಾಂಡಾದ ದೊಡ್ಡ ಹುಡುಗಿಯೊಬ್ಬಳನ್ನು ಚಿಕ್ಕವರ ಪಕ್ಕ ಕೂರಿಸುತ್ತೇವೆ. ನಾನು ಹೇಳಿದ್ದನ್ನು ಲಂಬಾಣಿಯಲ್ಲಿ ಒಮ್ಮೆ ಹೇಳುತ್ತಾಳೆ. ನಾನೂ ನಾಲ್ಕು ಮಾತು ಕಲಿತಿದ್ದೇನೆ.

ನೀವು ಬೆಂಗಳೂರಿಂದ ಫೋನ್ ಮಾಡಿದಾಗ "ಊಟ ಆಯ್ತಾ, ಶಾಲೆಗೆ ಹೋದ್ಯಾ" ಅಷ್ಟಕ್ಕೇ ಬಿಡಬೇಡಿ. ನಿಮ್ಮ ಕೆಲಸದಲ್ಲಿ ಕಂಡದ್ದು ಹೇಳಿ: ಕ್ರೇನ್ ಹೇಗೆ ಎತ್ತಿತು, ಯಾಕೆ ನಿಂತುಹೋಯಿತು. ಎದುರಿಗಿಲ್ಲದ್ದನ್ನು ಮಾತಿನಿಂದಲೇ ಕಣ್ಣಮುಂದೆ ತಂದುಕೊಳ್ಳೋದು ಅವನಿಗೆ ಅಭ್ಯಾಸ ಆಗುತ್ತದೆ. ಮುಂದೆ ಪುಸ್ತಕ ಓದುವಾಗ ಬೇಕಾಗೋದು ಅದೇ.

ಸಿಂಧನೂರು ಓದುಗ

ಇಷ್ಟೆಲ್ಲಾ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಇಂಗ್ಲಿಷ್ ಬೇಕು ಅನ್ನೋದರಲ್ಲಿ ಬದಲಾವಣೆ ಇಲ್ಲ. ಆದರೆ ಮನೆ ಭಾಷೆ ಬಿಟ್ಟು ಅಲ್ಲ. ಚಿತ್ರದ ಪುಸ್ತಕ ಎಲ್ಲಿ ಸಿಗುತ್ತವೆ? ನಮ್ಮ ಕಡೆ ಅಂಗಡಿಯಲ್ಲಿ ಬರೀ ಗೈಡು, ಕಾಪಿ ಪುಸ್ತಕ.

ಅಂಗನವಾಡಿ ಟೀಚರ್, ಮಾನ್ವಿ ತಾಲ್ಲೂಕು

ಪಂಚಾಯಿತಿ ಲೈಬ್ರರಿಯಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಮಕ್ಕಳ ಪುಸ್ತಕ ಕೇಳಿ ನೋಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಕನ್ನಡ, ತೆಲುಗು, ಉರ್ದು ಕಥೆಗಳು ದುಡ್ಡಿಲ್ಲದೆ ಸಿಗುತ್ತವೆ. ನಾನು ಕೆಲವು ಪ್ರಿಂಟ್ ಹಾಕಿಸಿ ದಾರ ಹೊಲಿದು ಇಟ್ಟಿದ್ದೇನೆ. ಓದಿ ಮುಗಿಸೋ ಅವಸರ ಬೇಡ. ಒಂದು ಚಿತ್ರದ ಹತ್ತಿರ ನಿಂತು "ಇವಳು ಯಾಕೆ ಅಳುತ್ತಿದ್ದಾಳೆ?" ಅಂತ ಮಾತಾಡಿದರೂ ಸಾಕು. ಪುಸ್ತಕ ಇಲ್ಲದಿದ್ದರೆ ಗವಿಮಠದ ಜಾತ್ರೆಯಲ್ಲಿ ತೆಗೆದ ನಿಮ್ಮದೇ ಫೋಟೋ ಇಟ್ಟುಕೊಳ್ಳಿ. ತೇರು ಯಾರು ಎಳೆದರು, ಏನು ಕೊಂಡೆವು, ನೀನು ಯಾರ ಹೆಗಲ ಮೇಲೆ ಕೂತಿದ್ದೆ, ಮಾತಿಗೆ ಕೊರತೆ ಇಲ್ಲ. ದೊಡ್ಡ ಮಕ್ಕಳಿಗೆ ಒಗಟು. "ಹಸಿರಾಗಿದ್ದೆ, ಹಣ್ಣಾಗಿ ಕೆಂಪಾದೆ, ಕಚ್ಚಿದರೆ ಕಣ್ಣಲ್ಲಿ ನೀರು" ಅಂದರೆ ನಮ್ಮ ಮಕ್ಕಳು ಮೆಣಸಿನಕಾಯಿ ಅಂತ ಕೂಗುತ್ತಾರೆ.

ಗಂಗಾವತಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರ ಹತ್ತಿರ ಮಾತಾಡಿದೆ. ಸೋಮವಾರ ಕೊಪ್ಪಳಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸುತ್ತೇವೆ. ಅತ್ತೆಯವರಿಗೆ ತೆಲುಗಿನಲ್ಲೇ ಕಥೆ ಹೇಳಿ ಅಂದೆ. ನರ್ಸರಿಯಲ್ಲೂ ಮನೆ ಭಾಷೆ ಬಿಡಲ್ಲ ಅಂತ ಹೇಳುತ್ತೇನೆ. ಪರೀಕ್ಷೆಗೆ ಹೋಗುವಾಗ ಏನಾದರೂ ತಯಾರಿ ಬೇಕಾ? ಸೂಜಿ ಚುಚ್ಚುತ್ತಾರಾ ಅಂತ ಮಗಳ ಅಪ್ಪನಿಗೇ ಭಯ.

ಸ್ಪೀಚ್ ಥೆರಪಿಸ್ಟ್, ಬಳ್ಳಾರಿ

ಸೂಜಿ ಇಲ್ಲ, ನೋವೂ ಇಲ್ಲ. ಒಂದು ಪರೀಕ್ಷೆಯಲ್ಲಿ ಕಿವಿಯ ಬಾಯಿಗೆ ಮೆತ್ತನೆಯ ಬಿರಡೆ ಇಟ್ಟು ತಮಟೆ ಹೇಗೆ ಅಲುಗುತ್ತದೆ ಅಂತ ಮಿಷನ್ ನೋಡುತ್ತದೆ, ಬೇಗ ಮುಗಿಯುತ್ತದೆ. ಹಿಂದೆ ನೀರು ನಿಂತಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಇನ್ನೊಂದರಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕು ಅಂತಾರೆ. ಮನೆಯಲ್ಲೇ ಗಂಟೆ ಬಾರಿಸಿ ಆ ಆಟ ಅಭ್ಯಾಸ ಮಾಡಿಸಿ. ಮಗಳ ನಿದ್ದೆ ಆಗಿರಲಿ, ಹೊಟ್ಟೆ ತುಂಬಿರಲಿ. ನೆಗಡಿ ಇದ್ದರೂ ಹೋಗಿ, ಆದರೆ ಇದೆ ಅಂತ ಹೇಳಿ. ಹೆರಿಗೆ ಸಮಯದ ಕಾಗದ, ತಾಯಿ ಕಾರ್ಡ್ ತಗೊಂಡು ಹೋಗಿ. ನೀವು ಮತ್ತು ಅಜ್ಜಿ ಅವಳ ಜೊತೆ ಮಾತಾಡುವ ಒಂದು ಚಿಕ್ಕ ವಿಡಿಯೋ ಮಾಡಿಕೊಳ್ಳಿ, ಆಸ್ಪತ್ರೆಯಲ್ಲಿ ಮಕ್ಕಳು ಬಾಯಿ ಬಿಡಲ್ಲ. ಕಿವಿ ಸರಿ ಇದೆ ಅಂತ ಬಂದರೆ ಅಲ್ಲಿಗೇ ಬಿಡದೆ ಮಾತಿನ ಪರೀಕ್ಷೆಗೂ ಬರೆಸಿಕೊಳ್ಳಿ. ಇಲ್ಲಿ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹೇಳಿ, ಮುಂದಿನದು ನೋಡೋಣ.